ಪೇಟೆಯಿಂದ ದೂರದ ಲೇಔಟ್‌ನಲ್ಲಿ ಮನೆಯೇ? ಚಿಕ್ಕಮಗಳೂರಿಗೆ ಹೊಸದಾಗಿ ಬಂದವರಿಗೆ ಗಾಡಿ ಬದುಕಿನ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಚಿಕ್ಕಮಗಳೂರಿಗೆ ಬಂದು ಊರ ಹೊರಗಿನ ಲೇಔಟ್‌ನಲ್ಲಿ ಮನೆ ಹಿಡಿದವರು ಮೊದಲ ತಿಂಗಳು ಬೆಟ್ಟದ ಫೋಟೋ ಹಾಕುತ್ತಾರೆ. ಎರಡನೇ ತಿಂಗಳು ಕೊತ್ತಂಬರಿ ಸೊಪ್ಪು ತರೋಕೆ ಕಾರು ತೆಗೆಯುತ್ತಾರೆ. ಮೂರನೇ ತಿಂಗಳು ಮನೆಯಲ್ಲಿ ಜಗಳ ಶುರು.

ಇದರಲ್ಲಿ ಯಾರ ತಪ್ಪೂ ಇಲ್ಲ. ಬಸವನಹಳ್ಳಿ, ಎಂ.ಜಿ. ರಸ್ತೆ, ಐ.ಜಿ. ರಸ್ತೆಯ ಆಸುಪಾಸಿನಲ್ಲಿ ಇರುವವರಿಗೆ ಗಾಡಿ ಇಲ್ಲದಿದ್ದರೂ ದಿನ ಹೋಗುತ್ತೆ. ಹಾಲು, ಔಷಧಿ, ಬ್ಯಾಂಕು, ಬಸ್ ನಿಲ್ದಾಣ ಎಲ್ಲ ಕಾಲ್ನಡಿಗೆಯ ದೂರ. ಆದರೆ ಈಗ ಬಾಡಿಗೆಗೆ ಸಿಗುವ ಹೊಸ ಮನೆಗಳು ಜಾಸ್ತಿ ಇರುವುದು ಊರಾಚೆಯ ಲೇಔಟ್‌ಗಳಲ್ಲಿ. ಕಡೂರು ರಸ್ತೆ, ಬೇಲೂರು ರಸ್ತೆ, ಆಲ್ದೂರು ರಸ್ತೆ ಹಿಡಿದು ಹೊರಗೆ ಹೋದರೆ ಎಡಕ್ಕೆ ಬಲಕ್ಕೆ ಕಮಾನು ಕಾಣುತ್ತೆ. ಒಳಗೆ ಹೋದರೆ ಅಗಲ ರಸ್ತೆ, ಖಾಲಿ ಸೈಟು, ಅಲ್ಲೊಂದು ಇಲ್ಲೊಂದು ಮನೆ. ಅಂಗಡಿ ಮಾತ್ರ ಇಲ್ಲ.

ಹೀಗೆ ಬರುವವರಿಗೆ ನಾನು ಕೇಳುವ ಪ್ರಶ್ನೆ ಒಂದೇ. ನಿಮ್ಮ ಮನೆಯಲ್ಲಿ ಎಷ್ಟು ಜನ ಇನ್ನೊಬ್ಬರನ್ನು ಕೇಳದೆ ಹೊರಗೆ ಹೋಗಿ ವಾಪಸ್ ಬರಬಹುದು? ಒಬ್ಬರೇ ಅಂತಾದರೆ, ಕಾರು ಎಷ್ಟೇ ದೊಡ್ಡದಿರಲಿ, ಉಳಿದವರೆಲ್ಲ ಮನೆಯಲ್ಲೇ ಕೂತು ಕಾಯಬೇಕು. ಆ ಒಬ್ಬರು ಸಂಬಳ ಇಲ್ಲದ ಡ್ರೈವರ್. ಕೆಳಗಿನ ಹೆಜ್ಜೆಗಳೆಲ್ಲ ಈ ಸಂಖ್ಯೆಯನ್ನು ಹೆಚ್ಚಿಸೋಕೆ. ಹಾಸನಕ್ಕೆ ಬರುವವರಿಗೂ ಹೆಚ್ಚುಕಮ್ಮಿ ಇದೇ ಲೆಕ್ಕ, ಅಲ್ಲಲ್ಲಿ ಹೇಳುತ್ತೇನೆ.

ಹೆಜ್ಜೆ 1: ಅಡ್ವಾನ್ಸ್ ಕೊಡುವ ಮೊದಲು ಬಸ್‌ನಲ್ಲಿ ಒಂದು ಸಲ ಹೋಗಿ

ಮನೆ ತೋರಿಸುವ ಬ್ರೋಕರ್ ತಮ್ಮ ಗಾಡಿಯಲ್ಲೇ ಕರೆದುಕೊಂಡು ಹೋಗುತ್ತಾರೆ. "ಪೇಟೆಗೆ ಹತ್ತೇ ನಿಮಿಷ ಮೇಡಂ" ಅನ್ನುತ್ತಾರೆ. ಸುಳ್ಳೇನಲ್ಲ, ಅವರ ಗಾಡಿಯಲ್ಲಿ ಹತ್ತೇ ನಿಮಿಷ. ಅವತ್ತು ಮನೆಯ ಟೈಲ್ಸು, ಕಿಚನ್ನು, ಸಂಪು ನೋಡಿಕೊಂಡು ಬನ್ನಿ. ಮಾತು ಕೊಡಬೇಡಿ.

ಇನ್ನೊಂದು ದಿನ, ಸಂಜೆ ಏಳರ ಹೊತ್ತಿಗೆ, ಬಸ್ ಹತ್ತಿ ನೀವೇ ಹೋಗಿ. ಕೈಯಲ್ಲಿ ಎರಡು ಕೆ.ಜಿ. ತರಕಾರಿ ಇರಲಿ, ತಮಾಷೆಗಲ್ಲ. ಮೇನ್ ರೋಡಿನಲ್ಲಿ ಇಳಿದು ಆ ಚೀಲ ಹಿಡಿದುಕೊಂಡು ಮನೆ ಬಾಗಿಲತನಕ ನಡೆಯಿರಿ. ಬೀದಿದೀಪ ಎಲ್ಲಿಯವರೆಗೆ ಇದೆ, ಎಲ್ಲಿಂದ ಕತ್ತಲೆ, ನಾಯಿಗಳ ಗುಂಪು ಯಾವ ತಿರುವಿನಲ್ಲಿ ಕೂರುತ್ತೆ, ರಸ್ತೆ ದಾಟೋಕೆ ಎಷ್ಟು ಹೊತ್ತು ಕಾಯಬೇಕು ಅನ್ನೋದೆಲ್ಲ ಆಗ ಗೊತ್ತಾಗುತ್ತೆ. ಕಡೂರು ಕಡೆಯ ಹೆದ್ದಾರಿಯಲ್ಲಿ ಲಾರಿ, ಬಸ್ಸು ಓಡುವ ವೇಗ ನೋಡಿದರೆ ನಿಮ್ಮ ಅತ್ತೆ ಒಬ್ಬರೇ ಆ ಕಡೆ ದಾಟುತ್ತಾರೋ ಇಲ್ಲವೋ ನಿಮಗೇ ತಿಳಿಯುತ್ತೆ.

ಲೇಔಟ್ ಬಾಯಲ್ಲಿ ಸಾಮಾನ್ಯವಾಗಿ ಒಂದು ಪೆಟ್ಟಿಗೆ ಅಂಗಡಿ ಇರುತ್ತೆ. ಅಲ್ಲಿ ಒಂದು ಟೀ ಕುಡಿಯಿರಿ. ಕೊನೇ ಬಸ್ ಎಷ್ಟು ಗಂಟೆಗೆ, ಕೈ ಅಡ್ಡ ಹಾಕಿದರೆ ಇಲ್ಲಿ ನಿಲ್ಲಿಸುತ್ತಾರಾ, ರಾತ್ರಿ ಕರೆದರೆ ಬರುವ ಆಟೋದವರು ಯಾರು, ಬೇಸಿಗೆಯಲ್ಲಿ ನೀರಿನ ಕಥೆ ಏನು, ಎಲ್ಲ ಕೇಳಿ. ಬ್ರೋಕರ್ ಹೇಳದೆ ಬಿಟ್ಟಿದ್ದೆಲ್ಲ ಅಂಗಡಿಯವರು ಹೇಳುತ್ತಾರೆ.

ಮಳೆಯ ದಿಕ್ಕನ್ನೂ ಮರೆಯಬೇಡಿ. ಒಂದೇ ಜಿಲ್ಲೆಯಾದರೂ ಮೂಡಿಗೆರೆ ಕಡೆ ಸುರಿಯುವಷ್ಟು ಮಳೆ ಕಡೂರಿಗೆ ಕನಸಿನಲ್ಲೂ ಬರೋದಿಲ್ಲ. ಊರು ಇರುವುದು ಇವೆರಡರ ನಡುವೆ. ಆಲ್ದೂರು ರಸ್ತೆಯ ಕಡೆ ಮನೆ ಮಾಡಿದರೆ ಸ್ಕೂಟರ್ ನಂಬಿಕೊಂಡು ಆಷಾಢ ದಾಟುವುದು ಕಷ್ಟ. ಕಡೂರು ಕಡೆ ಮಾಡಿದರೆ ರೈನ್‌ಕೋಟ್ ಹಾಕಿಕೊಂಡು ಹೇಗೋ ನಡೆಸಬಹುದು.

ಇನ್ನು ಬಾಡಿಗೆ. "ಊರೊಳಗೆ ಹದಿನಾಲ್ಕು ಸಾವಿರ, ಇಲ್ಲಿ ಹತ್ತು ಸಾವಿರ, ನಾಲ್ಕು ಸಾವಿರ ಉಳಿಯಿತು" ಅಂತ ಖುಷಿಪಡುವ ಮೊದಲು ಒಂದು ಲೆಕ್ಕ ಹಾಕಿ. ಮನೆಯಿಂದ ಪೇಟೆಗೆ ಆರು ಕಿಲೋಮೀಟರ್ ಅಂದುಕೊಳ್ಳಿ. ದಿನಕ್ಕೆ ಎರಡು ಸಲ ಹೋಗಿ ಬಂದರೆ 24 ಕಿ.ಮೀ. ಕಾರು ಲೀಟರಿಗೆ 15 ಕೊಟ್ಟರೆ, ಪೆಟ್ರೋಲ್ ಲೀಟರಿಗೆ ನೂರು ಚಿಲ್ಲರೆ ಇರುವಾಗ, ದಿನಕ್ಕೆ ಸುಮಾರು 160 ರೂಪಾಯಿ. ತಿಂಗಳಿಗೆ 26 ದಿನ ಅಂದರೂ ನಾಲ್ಕು ಸಾವಿರ ದಾಟಿತು. ಟೈರು, ಸರ್ವಿಸ್, ಇನ್ಶೂರೆನ್ಸ್ ಇನ್ನೂ ಸೇರಿಸಿಲ್ಲ. ಬಾಡಿಗೆ ಕಮ್ಮಿಯಾಗಿದ್ದು ಬಂಕಿಗೆ ಹೋಯಿತು ಅಷ್ಟೇ. ಇದೇ ಓಡಾಟ ಸ್ಕೂಟರಿನಲ್ಲಾದರೆ ಮೂರನೇ ಒಂದು ಭಾಗಕ್ಕೆ ಮುಗಿಯುತ್ತೆ.

ಹೆಜ್ಜೆ 2: ಒಂದು ವಾರ ಗೋಡೆಗೆ ಒಂದು ಹಾಳೆ ಅಂಟಿಸಿ

ಬಂದ ತಕ್ಷಣ ಎರಡನೇ ಗಾಡಿ ಕೊಳ್ಳೋಕೆ ಹೋಗಬೇಡಿ. ಫ್ರಿಜ್ ಪಕ್ಕ ಒಂದು ಹಾಳೆ ಅಂಟಿಸಿ, ಪೆನ್ನು ದಾರ ಕಟ್ಟಿ ನೇತುಹಾಕಿ. ಯಾರು, ಯಾವತ್ತು, ಎಲ್ಲಿಗೆ ಹೋಗಬೇಕಿತ್ತು, ಹೋದರಾ, ಇಲ್ಲ ಕಾದರಾ ಅಂತ ಬರೆಯಿರಿ. "ಹೋಗಬೇಕಿತ್ತು, ಆಗಲಿಲ್ಲ" ಅನ್ನುವುದನ್ನೂ ಬರೆಯಬೇಕು. ಅಸಲಿ ವಿಷಯ ಇರೋದು ಅಲ್ಲೇ. ಅಪ್ಪನಿಗೆ ಕಟಿಂಗ್ ಶಾಪ್‌ಗೆ ಹೋಗಬೇಕಿತ್ತು, ಯಾರನ್ನೂ ಕೇಳಲಿಲ್ಲ. ಮಗಳಿಗೆ ಸ್ನೇಹಿತೆಯ ಮನೆಗೆ ಹೋಗಬೇಕಿತ್ತು, "ಭಾನುವಾರ ನೋಡೋಣ" ಅಂದಿರಿ. ನಮ್ಮ ಮನೆಯಲ್ಲಿ ಈ ಹಾಳೆ ಹಾಕಿದಾಗ ಅಮ್ಮನ ಹೆಸರಿನ ಮುಂದೆ "ಹೋದೆ" ಅನ್ನೋದು ಒಂದೂ ಇರಲಿಲ್ಲ. ಅವರು ಯಾವತ್ತೂ ದೂರಿದವರಲ್ಲ, ಆದ್ದರಿಂದ ನಮಗೆ ಗೊತ್ತೇ ಆಗಿರಲಿಲ್ಲ.

ವಾರದ ಕೊನೆಗೆ ಹಾಳೆ ನೋಡಿದರೆ ಕೆಲವು ಓಡಾಟ ಸುಮ್ನೆ ಅನ್ನಿಸುತ್ತೆ. ಬೆಳಿಗ್ಗೆ ಔಷಧಿಗೆ, ಮಧ್ಯಾಹ್ನ ಜೆರಾಕ್ಸಿಗೆ, ಸಂಜೆ ಬೇಕರಿಗೆ ಅಂತ ಮೂರು ಸಲ ಹೋದದ್ದನ್ನು ಒಂದೇ ಸಲ ಮಾಡಬಹುದಿತ್ತು. ಅವನ್ನು ಒಟ್ಟು ಮಾಡಿ. ಆಮೇಲೆ ಉಳಿದದ್ದು ನೋಡಿ ಗಾಡಿಯ ಮಾತು ಆಡಿ.

ಹೆಜ್ಜೆ 3: ಗಾಡಿ ಆರಿಸುವುದು

ಇಲ್ಲಿಯ ಹೆಚ್ಚಿನ ಮನೆಗಳಿಗೆ ಒಂದು ಚಿಕ್ಕ ಕಾರು, ಒಂದು ಸ್ಕೂಟರ್ ಸಾಕು. ಎರಡು ಕಾರು ಬೇಕು ಅನ್ನುವವರು ಕಮ್ಮಿ. ಒಂದು ದೊಡ್ಡ ಕಾರು ತಂದು ಸ್ಕೂಟರ್ ಬೇಡ ಅನ್ನುವವರು ಜಾಸ್ತಿ, ನನ್ನ ಪ್ರಕಾರ ಕಷ್ಟಪಡುವವರೂ ಅವರೇ. ಐ.ಜಿ. ರಸ್ತೆಯಲ್ಲಿ ಸಂಜೆ ದೊಡ್ಡ ಗಾಡಿ ನಿಲ್ಲಿಸೋಕೆ ಜಾಗ ಹುಡುಕಿ ನೋಡಿ, ಗೊತ್ತಾಗುತ್ತೆ. ಮನೆಯವರಲ್ಲಿ ಹೊಸದಾಗಿ ಕಲಿತವರು ದೊಡ್ಡ ಗಾಡಿ ಮುಟ್ಟೋಕೆ ಹೆದರುತ್ತಾರೆ. ಹಾಗಾದರೆ ಓಡಿಸುವವರು ಮತ್ತೆ ಒಬ್ಬರೇ ಆದರಲ್ಲ.

ನೆಲದಿಂದ ಸ್ವಲ್ಪ ಎತ್ತರ ಇರುವ ಚಿಕ್ಕ ಕಾರು ನೋಡಿ. ಲೇಔಟಿನ ಒಳರಸ್ತೆಯಲ್ಲಿ ಮಣ್ಣು, ಹಂಪು, ಮಳೆಗಾಲದಲ್ಲಿ ಗುಂಡಿ ಎಲ್ಲ ಇದ್ದದ್ದೇ. ಸೆಕೆಂಡ್ ಹ್ಯಾಂಡ್ ಕಾರಾದರೆ ಮಲೆನಾಡಿನಲ್ಲಿ ಓಡಿದ ಗಾಡಿಯ ಅಡಿಭಾಗವನ್ನು ಒಮ್ಮೆ ಲಿಫ್ಟ್ ಮೇಲೆ ಏರಿಸಿ ತುಕ್ಕು ನೋಡಿಸಿ. ಮೆಕ್ಯಾನಿಕ್‌ಗೆ ಐನೂರು ಕೊಟ್ಟರೂ ದಂಡವಲ್ಲ. ಮ್ಯಾಟ್ ಎತ್ತಿ ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಒಳಗೆ ನೀರು ಇಳಿದಿದೆ ಅಂತ.

ಎಲೆಕ್ಟ್ರಿಕ್ ಸ್ಕೂಟರ್ ಈ ಥರದ ಓಡಾಟಕ್ಕೆ ಚೆನ್ನಾಗಿ ಹೊಂದುತ್ತೆ. ದಿನಕ್ಕೆ ಇಪ್ಪತ್ತು ಮೂವತ್ತು ಕಿಲೋಮೀಟರ್, ಸ್ವಂತ ಮನೆಯಲ್ಲೇ ಚಾರ್ಜಿಂಗ್. ಆದರೆ ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತೆ ಅಂತ ಹೇಳೋಕಾಗಲ್ಲ. ಚಾರ್ಜ್ ಅರ್ಧಕ್ಕೆ ಬಂದಾಗಲೇ ಹಾಕುವ ಅಭ್ಯಾಸ ಇರಲಿ. ಬಾಡಿಗೆ ಮನೆಯಾದರೆ ಹೊರಗಿನ ಪಾಯಿಂಟಿಗೆ ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿಕೊಳ್ಳಿ.

ಹೆಜ್ಜೆ 4: ಎರಡನೆಯವರಿಗೆ ಲೈಸೆನ್ಸ್ ಮಾಡಿಸಿ, ಇದು ಎಲ್ಲಕ್ಕಿಂತ ಮುಖ್ಯ

ಗಾಡಿಗೆ ಹಾಕುವ ದುಡ್ಡಿಗಿಂತ ಲೈಸೆನ್ಸಿಗೆ ಹಾಕುವ ದುಡ್ಡು ಲಾಭ. ನಾನು ಕಾರು ಕಲಿತದ್ದು ಇಲ್ಲಿಗೆ ಬಂದ ಮೇಲೆ. ಬೆಂಗಳೂರಿನಲ್ಲಿ ಬೇಕು ಅಂತಲೇ ಅನ್ನಿಸಿರಲಿಲ್ಲ. ಮೂಲೆಗೆ ಹೋದರೆ ಬಸ್ಸು, ಇಲ್ಲದಿದ್ದರೆ ಮೆಟ್ರೋ.

ಕ್ರಮ ಹೀಗಿದೆ. ಮೊದಲು ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್. ಸಾರಿಗೆ ಇಲಾಖೆಯ ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಸಂಚಾರ ನಿಯಮಗಳ ಪ್ರಶ್ನೆ ಕೇಳುತ್ತಾರೆ, ಎರಡು ದಿನ ಚಿಹ್ನೆಗಳನ್ನು ಓದಿಕೊಂಡರೆ ಪಾಸು. ಎಲ್‌ಎಲ್ ಆರು ತಿಂಗಳು ನಡೆಯುತ್ತೆ. ಸಿಕ್ಕಿ 30 ದಿನ ಆದ ಮೇಲೆ ಡಿಎಲ್, ಅಂದರೆ ಪಕ್ಕಾ ಲೈಸೆನ್ಸಿನ ಪರೀಕ್ಷೆಗೆ ಹೋಗಬಹುದು. ಕಲಿಯುವಾಗ ಹಿಂದೆ ಮುಂದೆ ಕೆಂಪು ಎಲ್ ಬೋರ್ಡು ಕಡ್ಡಾಯ, ಕಾರಾದರೆ ಪಕ್ಕದಲ್ಲಿ ಲೈಸೆನ್ಸ್ ಇರುವವರು ಕೂತಿರಬೇಕು. ಕಾರು ಮತ್ತು ಸ್ಕೂಟರ್ ಎರಡಕ್ಕೂ ಒಟ್ಟಿಗೇ ಅರ್ಜಿ ಹಾಕಿ, ಎರಡು ಸಲ ಅಲೆಯುವುದು ತಪ್ಪುತ್ತೆ.

ಡ್ರೈವಿಂಗ್ ಸ್ಕೂಲಿಗೆ ಸೇರಿ. ಗಂಡನ ಹತ್ತಿರವೋ ಅಣ್ಣನ ಹತ್ತಿರವೋ ಕಲಿಯಬೇಡಿ. ಸಂಬಂಧವೂ ಉಳಿಯಲ್ಲ, ಕ್ಲಚ್ಚೂ ಉಳಿಯಲ್ಲ. ಸ್ಕೂಲಿನವರಿಗೆ ಮೊದಲೇ ಹೇಳಿ: ನನಗೆ ಏರು ಕಲಿಸಿ ಅಂತ. ಅವರು ಸಮತಟ್ಟು ರಸ್ತೆಯಲ್ಲಿ ಓಡಿಸಿ, ಎಂಟು ಹಾಕಿಸಿ, ಪರೀಕ್ಷೆ ಪಾಸು ಮಾಡಿಸಿ ಕಳಿಸುತ್ತಾರೆ. ಈ ಊರಿನಲ್ಲಿ ಏರು ಇಳಿಜಾರು ತಪ್ಪಿದ್ದಲ್ಲ. ಏರಿನಲ್ಲಿ ನಿಂತ ಗಾಡಿ ಹಿಂದೆ ಜಾರದ ಹಾಗೆ ಎತ್ತೋದು ಬಂದರೆ ಅರ್ಧ ಭಯ ಹೋದ ಹಾಗೆ. ಹ್ಯಾಂಡ್‌ಬ್ರೇಕ್ ಎಳೆದು, ಮೊದಲ ಗೇರು ಹಾಕಿ, ಕ್ಲಚ್ ನಿಧಾನ ಬಿಡುತ್ತಾ ಬನ್ನಿ. ಗಾಡಿಯ ಮೂತಿ ಚೂರು ಮೇಲೆದ್ದು ಇಂಜಿನ್ ಶಬ್ದ ದಪ್ಪಗಾಗುತ್ತೆ. ಅಲ್ಲೇ ಕಾಲು ನಿಲ್ಲಿಸಿ, ಆಕ್ಸಿಲರೇಟರ್ ಸ್ವಲ್ಪ ಒತ್ತಿ, ಆಮೇಲೆ ಹ್ಯಾಂಡ್‌ಬ್ರೇಕ್ ಇಳಿಸಿ. ಮೂತಿ ಏಳುವ ಮೊದಲೇ ಬ್ರೇಕ್ ಇಳಿಸಿದರೆ ಗಾಡಿ ಹಿಂದಕ್ಕೆ, ಹಿಂದಿನವರ ಹಾರ್ನ್ ಮುಂದಕ್ಕೆ.

ಅಭ್ಯಾಸಕ್ಕೆ ಜಾಗ ಎಲ್ಲಿ ಅಂತ ಹುಡುಕುವುದೇ ಬೇಡ. ಮನೆ ಕಟ್ಟದ ಖಾಲಿ ಸೈಟುಗಳ ನಡುವೆ ಟಾರ್ ಹಾಕಿದ ಅಗಲ ರಸ್ತೆ, ಎದುರಿಗೆ ಯಾರೂ ಬರದ ತಿರುವುಗಳು, ರಿವರ್ಸ್ ಹಾಕೋಕೆ ಬೇಕಾದಷ್ಟು ಜಾಗ, ಇವೆಲ್ಲ ನಿಮ್ಮ ಲೇಔಟಿನಲ್ಲೇ ಇವೆ. ಬೆಳಿಗ್ಗೆ ಆರರಿಂದ ಏಳರವರೆಗೆ ಅಲ್ಲಿ ತಿರುಗಿಸಿ. ಕೈ ಕುದುರಿದ ಮೇಲೆ ವಾರದ ದಿನ ಬೆಳಿಗ್ಗೆ ಮುಳ್ಳಯ್ಯನಗಿರಿ ದಾರಿಯಲ್ಲಿರುವ ಕೈಮರದವರೆಗೆ ಹೋಗಿ ಬನ್ನಿ. ಶನಿವಾರ ಭಾನುವಾರ ಆ ರಸ್ತೆಗೆ ಇಳಿಯಲೇಬೇಡಿ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೆಜ್ಜೆ 5: ಕಾಗದಪತ್ರ, ಬೇಗ ಮುಗಿಸಿ

ಕರ್ನಾಟಕದ ಒಳಗಿನಿಂದಲೇ ಬಂದವರು ಗಾಡಿಯ ನಂಬರ್ ಬದಲಿಸಬೇಕಿಲ್ಲ. ಇಲ್ಲಿಯ ಕೆಎ-18 ನಂಬರ್ ಇಲ್ಲದಿದ್ದರೆ ಯಾರೂ ಹಿಡಿಯಲ್ಲ. ಆದರೆ ಆರ್‌ಸಿಯಲ್ಲಿ (ಗಾಡಿಯ ನೋಂದಣಿ ಪತ್ರ) ವಿಳಾಸ ಬದಲಾವಣೆಯನ್ನು 30 ದಿನದೊಳಗೆ ತಿಳಿಸಬೇಕು ಅಂತ ಕಾನೂನಿದೆ. ಮಹಾರಾಷ್ಟ್ರ, ಕೇರಳ, ಆಂಧ್ರ ನಂಬರಿನ ಗಾಡಿ ತಂದವರು 12 ತಿಂಗಳಿಗಿಂತ ಜಾಸ್ತಿ ಇಲ್ಲೇ ಇಟ್ಟುಕೊಳ್ಳುವುದಾದರೆ ಹಳೇ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತಂದು ಇಲ್ಲಿ ಮರುನೋಂದಣಿ ಮಾಡಿಸಬೇಕು, ಇಲ್ಲಿಯ ಜೀವಾವಧಿ ತೆರಿಗೆಯನ್ನೂ ಕಟ್ಟಬೇಕು. ಈ ತೆರಿಗೆ ಸಣ್ಣ ಮೊತ್ತವಲ್ಲ. ಹಳೇ ಗಾಡಿಯಾದರೆ ಅಲ್ಲೇ ಮಾರಿ ಬಂದು ಇಲ್ಲಿ ಕೊಳ್ಳೋದು ವಾಸಿಯಾ ಅಂತ ಮೊದಲೇ ಲೆಕ್ಕ ಹಾಕಿ. ಆರ್‌ಸಿ, ಡಿಎಲ್ ಎರಡನ್ನೂ ಡಿಜಿಲಾಕರ್‌ಗೆ ಹಾಕಿಟ್ಟುಕೊಳ್ಳಿ, ತೋರಿಸಿದರೆ ಒಪ್ಪುತ್ತಾರೆ.

ಹೆಜ್ಜೆ 6: ಬಸ್ಸು, ಆಟೋ ಕಲಿಯಿರಿ

ಗಾಡಿ ಬಂತು ಅಂತ ಬಸ್ ಮರೆಯಬೇಡಿ. ಗಾಡಿ ಗ್ಯಾರೇಜಿನಲ್ಲಿರುವ ದಿನವೂ ಬರುತ್ತೆ.

ಇಲ್ಲಿ ಕೆಎಸ್‌ಆರ್‌ಟಿಸಿ ಜೊತೆಗೆ ಖಾಸಗಿ ಬಸ್ಸುಗಳೂ ಓಡುತ್ತವೆ. ಮೇನ್ ರೋಡಿನಲ್ಲಿ ನಿಂತರೆ ಹಳ್ಳಿಗಳಿಂದ ಪೇಟೆಗೆ ಬರುವ ಬಸ್ಸು ಸಿಗುತ್ತೆ, ಅದು ನಿಮ್ಮ ಲೇಔಟಿನ ಬಸ್ಸು ಅಂತ ಬೋರ್ಡಿನಲ್ಲಿ ಬರೆದಿರೋದಿಲ್ಲ ಅಷ್ಟೇ. ಕಡೂರು ರಸ್ತೆಯವರು ಕಡೂರು, ಸಖರಾಯಪಟ್ಟಣ ಅಂತ ಬೋರ್ಡಿದ್ದದ್ದನ್ನು ಹತ್ತಬೇಕು. ಎಕ್ಸ್‌ಪ್ರೆಸ್ ಆದರೆ ನಿಮ್ಮಲ್ಲಿ ನಿಲ್ಲಿಸಲ್ಲ, ಹತ್ತುವಾಗಲೇ ಕಂಡಕ್ಟರ್ ಹತ್ತಿರ ಕೇಳಿ. ಒಂದು ವಾರ ಒಂದೇ ಹೊತ್ತಿಗೆ ಹೋದರೆ ಕಂಡಕ್ಟರಿಗೇ ನಿಮ್ಮ ಮುಖ ಪರಿಚಯವಾಗುತ್ತೆ, ಆಮೇಲೆ ಓಡಿ ಬರೋದು ಕಂಡರೆ ಅರ್ಧ ನಿಮಿಷ ನಿಲ್ಲಿಸುತ್ತಾರೆ.

ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ. ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಖಾಸಗಿ ಬಸ್ಸಿಗೆ ಇದು ನಡೆಯಲ್ಲ, ಐಷಾರಾಮಿ ಬಸ್ಸಿಗೂ ಇಲ್ಲ. ಬೇರೆ ರಾಜ್ಯದಿಂದ ಬಂದವರು ಆಧಾರ್ ವಿಳಾಸ ಇಲ್ಲಿಗೆ ಬದಲಿಸಿಕೊಳ್ಳಿ.

ಆಟೋ ವಿಷಯಕ್ಕೆ ಬಂದರೆ, ಬೆಂಗಳೂರಿನ ಹಾಗೆ ಮೊಬೈಲ್ ಒತ್ತಿದ ಕೂಡಲೇ ಬಾಗಿಲಿಗೆ ಗಾಡಿ ಬರುತ್ತೆ ಅಂತ ನಂಬಿಕೊಂಡು ಬರಬೇಡಿ. ಇಲ್ಲಿ ಮನುಷ್ಯರ ಪರಿಚಯ ನಡೆಯುತ್ತೆ. ಹತ್ತಿರದ ಸ್ಟ್ಯಾಂಡಿನ ಮೂರು ಆಟೋದವರ ನಂಬರ್ ಬರೆದಿಟ್ಟುಕೊಳ್ಳಿ. ಒಬ್ಬರು ಸಾಲದು, ರಾತ್ರಿ ಹತ್ತಕ್ಕೆ ಒಬ್ಬರಾದರೂ ಫೋನ್ ಎತ್ತಬೇಕಲ್ಲ. ವಾಪಸ್ ಖಾಲಿ ಬರಬೇಕು ಅಂತ ಜಾಸ್ತಿ ಕೇಳುತ್ತಾರೆ, ಅದು ನ್ಯಾಯವೇ. ಪ್ರತೀ ಸಲ ಚೌಕಾಸಿ ಮಾಡುವ ಬದಲು ಮನೆಯಿಂದ ಬಸ್ ನಿಲ್ದಾಣಕ್ಕೆ ಇಷ್ಟು, ಆಸ್ಪತ್ರೆಗೆ ಇಷ್ಟು, ರಾತ್ರಿ ಇಷ್ಟು ಅಂತ ಒಮ್ಮೆ ಮಾತಾಡಿಕೊಂಡರೆ ಮುಗಿಯಿತು.

ದೂರದ ಊರಿಗೆ ಹೋಗುವವರಿಗೆ ಒಂದು ಮಾತು. ಚಿಕ್ಕಮಗಳೂರಿಗೆ ರೈಲು ಬಂದದ್ದು 2013ರಲ್ಲಿ, ಇಲ್ಲಿಂದ ಹೊರಡುವ ರೈಲು ಇನ್ನೂ ಬೆರಳೆಣಿಕೆ. ಬೆಂಗಳೂರು–ಹುಬ್ಬಳ್ಳಿ ಮಾರ್ಗದ ರೈಲು ಬೇಕಾದರೆ ಕಡೂರಿಗೆ ಹೋಗಬೇಕು, ಸುಮಾರು 40 ಕಿ.ಮೀ. ಹುಬ್ಬಳ್ಳಿ, ಧಾರವಾಡದ ಕಡೆಯವರು ಈ ಕಾರಣಕ್ಕೇ ಕಡೂರು ರಸ್ತೆಯಲ್ಲಿ ಮನೆ ನೋಡಿದರೆ ಒಳ್ಳೆಯದು. ಹಾಸನದವರಿಗೆ ಈ ತಾಪತ್ರಯ ಕಮ್ಮಿ, ಬೆಂಗಳೂರು–ಮಂಗಳೂರು ರೈಲು ಊರ ಮೇಲೇ ಹೋಗುತ್ತೆ.

ಹೆಜ್ಜೆ 7: ಸಾಮಾನು ತರುವ ರೀತಿ ಬದಲಿಸಿ

ದಿನಾ ಸಂಜೆ ಇಷ್ಟಿಷ್ಟೇ ತರುವ ಅಭ್ಯಾಸ ಬಿಡಬೇಕು. ಇಲ್ಲಿ ಬುಧವಾರ ಸಂತೆ, ಹಾಸನದಲ್ಲಿ ಮಂಗಳವಾರ. ವಾರದ ತರಕಾರಿ ಅಲ್ಲೇ ತಂದರೆ ರೇಟೂ ಕಮ್ಮಿ, ಓಡಾಟವೂ ಕಮ್ಮಿ. ಬುಧವಾರ ಸಂತೆ ಸುತ್ತ ಗಾಡಿ ನಿಲ್ಲಿಸೋಕೆ ಜಾಗ ಸಿಗೋದಿಲ್ಲ, ಸ್ಕೂಟರಿನಲ್ಲಿ ಹೋಗಿ ಇಲ್ಲವೇ ಸ್ವಲ್ಪ ದೂರದಲ್ಲಿ ನಿಲ್ಲಿಸಿ ನಡೆಯಿರಿ. ದಿನಸಿಗೆ ತಿಂಗಳಿಗೊಂದು ಚೀಟಿ. ಅಂಗಡಿಯವರಿಗೆ ಫೋನಿನಲ್ಲಿ ಚೀಟಿ ಕಳಿಸಿ, ಕಟ್ಟಿಡಿ ಅಂದರೆ ಕಟ್ಟಿಡುತ್ತಾರೆ.

ಲೇಔಟಿಗೇ ಬರುವವರನ್ನು ಮಾತ್ರ ಬಿಡಬೇಡಿ. ಹಾಲಿನವರು, ಸೊಪ್ಪಿನವರು, ಟಿವಿಎಸ್ ಎಕ್ಸೆಲ್ ಮೇಲೆ ನೀಲಿ ಡಬ್ಬ ಕಟ್ಟಿಕೊಂಡು ಪೋಂ ಪೋಂ ಅಂತ ಹಾರ್ನ್ ಒತ್ತುತ್ತಾ ಬರುವ ಮೀನಿನವರು. ಇವರು ಮನೆ ಕಮ್ಮಿ ಇರುವ ಕಡೆ ದಿನಾ ಬರೋದಿಲ್ಲ. ನಾಲ್ಕು ಮನೆಯವರು ಸೇರಿ ನಾವು ದಿನ ಬಿಟ್ಟು ದಿನ ತಗೊಳ್ತೀವಿ ಅಂದರೆ ಬರುತ್ತಾರೆ. ನಮ್ಮ ಅಮ್ಮ ಸೊಪ್ಪಿನವರ ಹತ್ತಿರ ಮಾತಾಡಿದಷ್ಟು ನಮ್ಮ ಹತ್ತಿರವೂ ಮಾತಾಡಲ್ಲ. ಸೊಪ್ಪು ಪೇಟೆಗಿಂತ ಐದು ರೂಪಾಯಿ ಜಾಸ್ತಿ ಬೀಳುತ್ತೆ, ಬೀಳಲಿ.

ಜೂನ್ ಬರುವ ಮೊದಲು ಮನೆಯಲ್ಲಿ ಇರಬೇಕಾದದ್ದು: ತುಂಬಿದ ಎರಡನೇ ಸಿಲಿಂಡರ್, ಬಿಪಿ ಶುಗರ್ ಮಾತ್ರೆ ಒಂದು ತಿಂಗಳಿಗೆ ಹೆಚ್ಚಿನದು, ಟಾರ್ಚು, ಚಾರ್ಜ್ ಆಗುವ ದೀಪ, ಹಾಲಿನ ಪುಡಿ.

ಹೆಜ್ಜೆ 8: ಮಕ್ಕಳು

ಶಾಲೆ ಆರಿಸುವಾಗ ಕಟ್ಟಡ ನೋಡುವ ಮೊದಲು ವ್ಯಾನಿನ ರೂಟು ಕೇಳಿ. ಮಗು ವ್ಯಾನ್ ಹತ್ತುವ ಮೊದಲನೆಯದ್ದೋ ಕೊನೆಯದ್ದೋ? ಮೊದಲನೆಯದ್ದಾದರೆ ಊರೆಲ್ಲ ಸುತ್ತಿ ಶಾಲೆ ಸೇರುವ ಹೊತ್ತಿಗೆ ಮಗು ಅಲ್ಲೇ ನಿದ್ದೆ. ವ್ಯಾನಿಗೆ ಹಳದಿ ಬೋರ್ಡ್ ಇದೆಯಾ, ಒಂದು ಓಮ್ನಿಯಲ್ಲಿ ಎಷ್ಟು ಮಕ್ಕಳನ್ನು ತುಂಬುತ್ತಾರೆ ಅಂತ ಕಣ್ಣಾರೆ ನೋಡಿ. ಕೇಳಿದರೆ ಕಮ್ಮಿಯೇ ಹೇಳುತ್ತಾರೆ.

ಪಿಯುಸಿ ಓದುವ ಮಕ್ಕಳಿರುವ ಮನೆಯಲ್ಲಿ ದೊಡ್ಡ ಆಸೆಯೇ ಸ್ಕೂಟರ್ ಕೊಟ್ಟುಬಿಡೋಣ ಅನ್ನೋದು. ಲೇಔಟಿನಿಂದ ಟ್ಯೂಷನ್ನಿಗೆ ಬಿಡೋಕೆ ಯಾರಿಗೂ ಪುರುಸೊತ್ತಿಲ್ಲ, ಪಕ್ಕದ ಮನೆ ಹುಡುಗ ಓಡಿಸ್ತಾನೆ, ಇಲ್ಲಿ ಯಾರು ಹಿಡೀತಾರೆ ಅಂತ. ಬೇಡ. 2019ರ ತಿದ್ದುಪಡಿಯ ಪ್ರಕಾರ 18 ತುಂಬದವರು ಗಾಡಿ ಓಡಿಸಿ ಸಿಕ್ಕಿದರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು, ಮಗುವಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. 16ಕ್ಕೇ ಗೇರಿಲ್ಲದ ಗಾಡಿ ಓಡಿಸಬಹುದು ಅನ್ನುವ ಮಾತು 50 ಸಿಸಿ ಒಳಗಿನ ಗಾಡಿಗೆ. ಅಂಗಡಿಯಲ್ಲಿ ಈಗ ಸಿಗುವ ಪೆಟ್ರೋಲ್ ಸ್ಕೂಟರೆಲ್ಲ ಅದರ ಎರಡರಷ್ಟೋ ಅದಕ್ಕೂ ಮೇಲೋ. ಗಂಟೆಗೆ 25 ಕಿ.ಮೀ. ಮೀರದ, 250 ವ್ಯಾಟ್ ಒಳಗಿನ ಎಲೆಕ್ಟ್ರಿಕ್ ಗಾಡಿಗೆ ಲೈಸೆನ್ಸ್ ಬೇಡ. ಅದನ್ನು ಕೊಳ್ಳುವುದಾದರೆ ಅಂಗಡಿಯವರ ಬಾಯಿಮಾತು ಸಾಲದು, ಕಾಗದದಲ್ಲಿ ಇರಬೇಕು. ಅದರಲ್ಲೂ ಹೆದ್ದಾರಿಗೆ ಕಳಿಸಬೇಡಿ.

ಸೈಕಲ್ ಲೇಔಟಿನ ಒಳಗೆ ಸ್ವರ್ಗ. ಮಕ್ಕಳು ಕತ್ತಲಾಗುವವರೆಗೆ ಓಡಿಸಲಿ.

ಹೆಜ್ಜೆ 9: ಮನೆಯ ಹಿರಿಯರಿಗೆ ಒಂದು ದಿನ ಮೀಸಲಿಡಿ

ಹಾಳೆಯಲ್ಲಿ ಅಮ್ಮನ ಸಾಲು ನೋಡಿದ ಮೇಲೆ ನಮ್ಮ ಮನೆಯಲ್ಲಿ ಗುರುವಾರ ಅಮ್ಮನ ದಿನ ಅಂತ ಮಾಡಿದೆವು. ಅವತ್ತು ಗಾಡಿ ಅವರ ಮಾತು ಕೇಳುತ್ತೆ. ಎಲ್ಲಿಗೆ, ಎಷ್ಟು ಹೊತ್ತು, ಯಾರ ಮನೆಗೆ ಅಂತ ನಾವು ಕೇಳೋ ಹಾಗಿಲ್ಲ. ಹಿರೇಮಗಳೂರಿನ ಕೋದಂಡರಾಮನ ಗುಡಿಯಲ್ಲಿ ಪೂಜೆ ಕನ್ನಡದಲ್ಲಿ ನಡೆಯುತ್ತೆ, ಅಮ್ಮನಿಗೆ ಪ್ರತೀ ಮಾತೂ ಅರ್ಥವಾಗುತ್ತೆ, ಅಲ್ಲಿಂದ ಬೇಗ ಏಳೋದೇ ಇಲ್ಲ. "ಆಯ್ತಾಮ್ಮ?" ಅಂತ ಕಾರಿನಿಂದ ಕೂಗುವ ಚಾಳಿ ಬಿಡಿ. "ನಂಗೋಸ್ಕರ ನೀನ್ ಯಾಕ್ ಬರ್ತೀಯ, ಬಿಡು" ಅನ್ನೋ ಮಾತಿಗೂ ಸೋಲಬೇಡಿ. ಯಾವಾಗಾದರೂ ಕರ್ಕೊಂಡು ಹೋಗ್ತೀನಿ ಅಂದರೆ ಅವರು ಕೇಳುವುದನ್ನೇ ಬಿಡುತ್ತಾರೆ. ದಿನ ಗೊತ್ತು ಮಾಡಿದರೆ ಬೆಳಿಗ್ಗೆಯೇ ಸೀರೆ ಉಟ್ಟು ರೆಡಿ.

ಮನೆಯಲ್ಲಿ ಅವರೊಬ್ಬರೇ ಇರುವ ಹೊತ್ತಿಗೆ ದೊಡ್ಡ ಅಕ್ಷರದಲ್ಲಿ ಬರೆದ ಹಾಳೆ ಗೋಡೆಯ ಮೇಲಿರಲಿ: ಮೂರು ಆಟೋ ನಂಬರ್, ಎದುರು ಮನೆಯವರ ನಂಬರ್, ಆಂಬುಲೆನ್ಸ್ 108, ಪೊಲೀಸ್ 112, ಕರೆಂಟಿಗೆ ಮೆಸ್ಕಾಂ 1912. ಲೇಔಟಿನ ಹೆಸರು, ಎಷ್ಟನೇ ಅಡ್ಡರಸ್ತೆ, ಹತ್ತಿರದ ಗುರುತು ಇವನ್ನೂ ಅದರಲ್ಲೇ ಬರೆಯಿರಿ. ಹೊಸ ಲೇಔಟುಗಳಲ್ಲಿ ಎಲ್ಲ ಮನೆಯೂ ಒಂದೇ ಥರ, ಗಾಬರಿಯಲ್ಲಿ ದಾರಿ ಹೇಳೋಕೆ ಬರಲ್ಲ. ಒಮ್ಮೆ ಸುಮ್ಮನೆ ಆಟೋದವರಿಗೆ ಅವರಿಂದಲೇ ಫೋನ್ ಮಾಡಿಸಿ ನೋಡಿ.

ಹೆಜ್ಜೆ 10: ಮಳೆ, ಇಲಿ ಮತ್ತು ಪ್ರವಾಸಿಗರು

ಮಳೆಗಾಲ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮೇ ತಿಂಗಳಲ್ಲೇ ವೈಪರ್ ರಬ್ಬರ್, ಟೈರಿನ ಹಲ್ಲು, ಬ್ರೇಕ್, ಬ್ಯಾಟರಿ ನೋಡಿಸಿ. ಹಗಲಿನಲ್ಲೂ ಮಂಜು ಕವಿದರೆ ಹೆಡ್‌ಲೈಟ್ ಡಿಮ್‌ನಲ್ಲಿ ಇರಲಿ. ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತೆ. ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸುವ ಚಟ ಬೇಡ, ನೀವು ಎತ್ತ ತಿರುಗುತ್ತೀರಿ ಅಂತ ಹಿಂದಿನವರಿಗೆ ತಿಳಿಯಲ್ಲ. ರಸ್ತೆ ಮೇಲೆ ನೀರು ಹರಿಯುತ್ತಿದ್ದರೆ, ಮೊಣಕಾಲಷ್ಟೇ ಅಂತ ಕಂಡರೂ ಇಳಿಯಬೇಡಿ. ಕಾಯಿರಿ, ಇಲ್ಲ ವಾಪಸ್ ಬನ್ನಿ.

ಗಾಡಿಯನ್ನು ದಿನಗಟ್ಟಲೆ ಮಳೆಯಲ್ಲಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಹಿಂದಿನ ಬ್ರೇಕು ಕಚ್ಚಿಕೊಂಡುಬಿಡುತ್ತೆ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ವಾರಕ್ಕೆ ಎರಡು ಸಲವಾದರೂ ಓಡಿಸಿ, ಬಿಸಿಲು ಕಂಡ ದಿನ ಬಾಗಿಲು ನಾಲ್ಕೂ ತೆರೆದಿಡಿ, ಇಲ್ಲದಿದ್ದರೆ ಸೀಟಿಗೆ ಬೂಸ್ಟು ಹಿಡಿಯುತ್ತೆ.

ಇಲಿ ಅಂದರೆ ಬೆಂಗಳೂರಿನವರು ನಗುತ್ತಾರೆ. ಸುತ್ತ ಗದ್ದೆ, ಪೊದೆ ಇರುವ ಲೇಔಟಿನಲ್ಲಿ ಮಳೆ ಬಿದ್ದ ಕೂಡಲೇ ಇಲಿಗೆ ಬೆಚ್ಚನೆ ಜಾಗ ನಿಮ್ಮ ಕಾರಿನ ಬಾನೆಟ್ಟು. ರಾತ್ರಿ ನುಗ್ಗಿ ವೈರು ಕಡಿಯುತ್ತೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ. ವೈರಿಂಗ್ ರಿಪೇರಿಗೆ ಸಾವಿರಗಟ್ಟಲೆ ಬೀಳುತ್ತೆ. ಇಲ್ಲಿಯವರು ಹೊಗೆಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಬಾನೆಟ್ ಒಳಗೆ, ಇಂಜಿನ್ನಿಗೆ ತಾಗದ ಹಾಗೆ ಸಿಗಿಸುತ್ತಾರೆ. ವಾಸನೆ ಹೋದಂತೆ ಬದಲಿಸಬೇಕು. ಗೇಟಿನ ಒಳಗೆ ನಿಲ್ಲಿಸುವವರು ರಾತ್ರಿ ಬಾನೆಟ್ ಎತ್ತಿಡುತ್ತಾರೆ, ಬೆಳಕು ಗಾಳಿ ಆಡಿದರೆ ಇಲಿ ಕೂರಲ್ಲ. ನಾಯಿಗೆ ಹಾಕಿದ ಅನ್ನ, ಕೋಳಿ ಕಾಳು ಗಾಡಿಯ ಹತ್ತಿರ ಇಡಬೇಡಿ. ಇನ್ಶೂರೆನ್ಸ್ ಮಾಡಿಸುವಾಗ ಇಲಿ ಕಡಿದದ್ದು ಸೇರುತ್ತಾ ಅಂತ ಬಾಯಿಬಿಟ್ಟು ಕೇಳಿ.

ಇನ್ನು ಪ್ರವಾಸಿಗರು. ಶುಕ್ರವಾರ ರಾತ್ರಿಯಿಂದ ಭಾನುವಾರ ಸಂಜೆಯವರೆಗೆ ಊರು ನಮ್ಮದಲ್ಲ. ಶನಿವಾರ ಬೆಳಿಗ್ಗೆ ಕೈಮರ, ಮುಳ್ಳಯ್ಯನಗಿರಿ ಕಡೆ ಸಾಲು ಹಿಡಿದರೆ ಆ ದಿಕ್ಕಿನ ಲೇಔಟಿನವರು ಹಾಲಿಗೆ ಹೋಗಿ ಬರೋದೂ ಒಂದು ಯಾತ್ರೆ. ಭಾನುವಾರ ಮಧ್ಯಾಹ್ನದ ಮೇಲೆ ಇದೇ ಗಾಡಿಗಳು ಬೇಲೂರು, ಹಾಸನದ ರಸ್ತೆ ಹಿಡಿಯುತ್ತವೆ. ವಾರದ ಕೆಲಸ ಶುಕ್ರವಾರ ಮಧ್ಯಾಹ್ನದೊಳಗೆ ಮುಗಿಸಿ. ದೀಪಾವಳಿಯ ದೇವೀರಮ್ಮನ ಬೆಟ್ಟ, ಡಿಸೆಂಬರಿನ ದತ್ತ ಜಯಂತಿ ಇವುಗಳ ಸಮಯದಲ್ಲಿ ರಸ್ತೆಗಳಲ್ಲಿ ತಡೆ ಇರುತ್ತೆ, ಹಿಂದಿನ ದಿನವೇ ಪೊಲೀಸರ ಪ್ರಕಟಣೆ ನೋಡಿ. ಹಾಸನದವರು ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲಿ ಪೇಟೆಗೆ ಕಾರು ತೆಗೆದುಕೊಂಡು ಹೋಗುವ ಸಾಹಸ ಮಾಡಬೇಡಿ.

ಹೆಜ್ಜೆ 11: ಕಾಲು ಮತ್ತು ನೆರೆಹೊರೆ

ಬಾಗಿಲಿನಿಂದ ಬಾಗಿಲಿಗೆ ಗಾಡಿಯಾದರೆ ನಡಿಗೆ ನಿಂತುಹೋಗುತ್ತೆ, ಮೂರು ತಿಂಗಳಿಗೆ ಪ್ಯಾಂಟು ಹೇಳುತ್ತೆ. ಪೇಟೆಗೆ ಹೋದಾಗ ಅಂಗಡಿಯಿಂದ ಅಂಗಡಿಗೆ ಗಾಡಿ ಓಡಿಸಬೇಡಿ. ಆಜಾದ್ ಪಾರ್ಕ್ ಸುತ್ತಮುತ್ತ ಜಾಗ ಸಿಕ್ಕ ಕಡೆ ನಿಲ್ಲಿಸಿ, ಬ್ಯಾಂಕು, ಔಷಧಿ, ಎಂ.ಜಿ. ರಸ್ತೆಯ ಅಂಗಡಿ ಎಲ್ಲ ನಡೆದೇ ಮುಗಿಸಿ. ಪಾರ್ಕಿಂಗ್ ಹುಡುಕುವ ತಲೆನೋವೂ ಒಂದೇ ಸಲ. ಬೆಳಿಗ್ಗೆ ಲೇಔಟಿನಲ್ಲಿ ವಾಕಿಂಗ್ ಹೋಗುವಾಗ ಕೈಯಲ್ಲೊಂದು ಕೋಲು ಇರಲಿ. ನಾಯಿಗೆ ಹೊಡೆಯೋಕಲ್ಲ, ಇದ್ದರೆ ಅವು ಹತ್ತಿರ ಬರಲ್ಲ.

ನೆರೆಯವರ ಪರಿಚಯ ಮಾಡಿಕೊಳ್ಳೋಕೆ ನಗರದಿಂದ ಬಂದವರಿಗೆ ಸಂಕೋಚ. ಬಿಡಿ. ಇಲ್ಲಿ ಗಾಡಿ ಹೊರಗೆ ತೆಗೆಯುವಾಗ ಎದುರು ಮನೆಯವರನ್ನು "ಅಕ್ಕಾ, ಪೇಟೆಗೆ ಹೋಗ್ತಿದೀನಿ, ಏನಾದ್ರೂ ತರಬೇಕಾ?" ಅಂತ ಕೇಳುವುದು ವಾಡಿಕೆ. ನೀವು ಕೇಳಿದರೆ ಅವರೂ ಕೇಳುತ್ತಾರೆ. ನಾಲ್ಕು ಮನೆ ಹೀಗೆ ಶುರು ಮಾಡಿದರೆ ಅರ್ಧ ಓಡಾಟ ಕಮ್ಮಿ. ನಮ್ಮ ಬೀದಿಯಲ್ಲಿ ಒಂದು ವಾಟ್ಸಾಪ್ ಗುಂಪಿದೆ, ಅದರಲ್ಲಿ ಗುಡ್ ಮಾರ್ನಿಂಗ್ ಹಾಕೋ ಹಾಗಿಲ್ಲ. "ಹತ್ತಕ್ಕೆ ಹೊರಡ್ತೀನಿ, ಇಬ್ಬರಿಗೆ ಜಾಗ ಇದೆ" ಅಂತ ಮಾತ್ರ. ದುಡ್ಡಿನ ಲೆಕ್ಕ ಇಟ್ಟುಕೊಳ್ಳಬೇಡಿ, ವೈಟ್ ಬೋರ್ಡ್ ಗಾಡಿಯಲ್ಲಿ ಬಾಡಿಗೆ ತಗೊಳ್ಳೋದು ಕಾನೂನಿಗೂ ವಿರುದ್ಧ. ತೋಟದಿಂದ ಬಂದ ಕಿತ್ತಳೆಯೋ ಬಾಳೆಗೊನೆಯೋ ನಿಮ್ಮ ಬಾಗಿಲಿಗೆ ಬರುತ್ತೆ, ಲೆಕ್ಕ ಸರಿಹೋಗುತ್ತೆ.

ಹೆಜ್ಜೆ 12: ಕರಾರು ಮುಗಿಯುವ ಮೊದಲು ಮತ್ತೆ ಆ ಹಾಳೆ ಹಾಕಿ

ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಮಳೆಗಾಲ ಶುರುವಾಗುವ ಮೊದಲು ಬಂದವರಿಗೆ ಅಷ್ಟರಲ್ಲಿ ಒಂದು ಪೂರ್ತಿ ಮಳೆಗಾಲ ಕಳೆದಿರುತ್ತೆ. ಒಂಬತ್ತನೇ ತಿಂಗಳಿಗೆ ಫ್ರಿಜ್ ಪಕ್ಕ ಮತ್ತೆ ಹಾಳೆ ಅಂಟಿಸಿ ಒಂದು ವಾರ ಬರೆಯಿರಿ. ಇಬ್ಬರು ಓಡಿಸುತ್ತಿದ್ದು, ಮೂರನೆಯವರಿಗೆ ಬಸ್ಸೋ ಆಟೋವೋ ಒಗ್ಗಿದ್ದರೆ ಅಲ್ಲೇ ಮುಂದುವರಿಯಿರಿ. ಲೈಸೆನ್ಸ್ ಆದ ಮೇಲೂ ಯಾರೋ ಒಬ್ಬರು ವಾರವಿಡೀ "ಹೋಗಬೇಕಿತ್ತು" ಅಂತಲೇ ಬರೆದಿದ್ದರೆ ಇನ್ನೊಂದು ಗಾಡಿ ಕೊಳ್ಳುವ ಮೊದಲು ಊರೊಳಗೆ ಮನೆ ನೋಡಿ. ಹಳೇ ಮನೆ ಇರಬಹುದು, ಕಾರು ನಿಲ್ಲಿಸೋಕೆ ಜಾಗ ಇರಲಿಕ್ಕಿಲ್ಲ, ಬಾಡಿಗೆ ನಾಲ್ಕು ಸಾವಿರ ಜಾಸ್ತಿ ಇರಬಹುದು. ಆ ನಾಲ್ಕು ಸಾವಿರದ ಲೆಕ್ಕ ಮೊದಲ ಹೆಜ್ಜೆಯಲ್ಲೇ ಹಾಕಿದ್ದೇವೆ. ಮನೆ ಬಿಡುವುದಾದರೆ ಕರಾರಿನಲ್ಲಿ ಎಷ್ಟು ತಿಂಗಳ ನೋಟಿಸ್ ಅಂತ ಬರೆದಿದೆ ನೋಡಿಕೊಂಡು, ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿ, ಅಡ್ವಾನ್ಸ್ ವಾಪಸ್ ಯಾವಾಗ ಅಂತ ಅವತ್ತೇ ಕೇಳಿಟ್ಟುಕೊಳ್ಳಿ.